ಪ್ಯಾನಿಕ್‌ಗೆ ಸೆಲ್ಫ್ ಹೆಲ್ಪ್: ದುಡ್ಡು ತಿಂದಿದ್ದು ಯಾವುದು, ಕೈ ಹಿಡಿದಿದ್ದು ಯಾವುದು

ಹತ್ತಿರ ಹತ್ತಿರ ಎರಡು ವರ್ಷವಾಯಿತು, ನನಗೆ ಪೂರ್ತಿ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ಸತ್ತೇಹೋಗುತ್ತೇನೆ ಅನ್ನಿಸುವ ಗಾಬರಿ, ಆಗಿಲ್ಲ. ಅದಕ್ಕೂ ಮುಂಚೆ ವಾರಕ್ಕೆ ಮೂರೋ ನಾಲ್ಕೋ ಆಗುತ್ತಿತ್ತು. ದಿನಾ ನುಂಗುವ ಮಾತ್ರೆ ಶುರು ಮಾಡಲಿಲ್ಲ, ವಾರವಾರ ಥೆರಪಿಗೂ ಹೋಗಲಿಲ್ಲ. ಒಂದು ನೋಟ್‌ಬುಕ್, ಒಂದು ಸ್ಟ್ರಾ, ಒಂದು ತಿರುಗುವ ಕುರ್ಚಿ, ಭಾನುವಾರ ಫೋನ್ ಮಾಡಿ ವಿಚಾರಿಸುವ ಒಬ್ಬ ಗೆಳತಿ. ನಾನು ಮಾಡಿದ್ದು ಇಷ್ಟರಲ್ಲೇ.

"ಇದೆಲ್ಲ ನಿನ್ನ ಕೈಲಿ ಆಗೋದಲ್ಲ, ಸುಮ್ನೆ ಟೈಮ್ ಹಾಳು ಮಾಡ್ಕೋತಿದ್ದೀಯ" ಎಂದು ಅಣ್ಣ ಹೇಳಿದ್ದ. ಪರಿಚಯದ ಕೌನ್ಸೆಲರ್ ಒಬ್ಬರು ಇನ್ನೂ ಮೆತ್ತಗೆ ಅದನ್ನೇ ಹೇಳಿದ್ದರು. ಅವರ ಅನುಮಾನದಲ್ಲಿ ಅರ್ಥವಿತ್ತು. ಆ ಹೊತ್ತಿಗೆ ನಾನು ಕೊಂಡು ಕೈಬಿಟ್ಟ ಸೆಲ್ಫ್ ಹೆಲ್ಪ್ ಪ್ರೋಗ್ರಾಂಗಳ ಸಂಖ್ಯೆ ಅಷ್ಟಿತ್ತು. ಆದರೂ ಕೊನೆಗೆ ಆಯಿತು, ಮತ್ತು ಅದು ನಿಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಥೆರಪಿ) ಅಂದರೇನು, ಅಡ್ರಿನಲಿನ್ (ಗಾಬರಿಯಾದಾಗ ಎದೆ ಬಡಿತ ಏರಿಸುವ ಹಾರ್ಮೋನ್) ಏನು ಮಾಡುತ್ತದೆ ಎಂಬುದೆಲ್ಲ ನಿಮಗೆ ಬಾಯಿಪಾಠ ಆಗಿರುತ್ತದೆ, ಅದಕ್ಕೆ ಕೈ ಹಾಕುವುದಿಲ್ಲ.

ಮೊದಲು ದುಡ್ಡಿನ ಮಾತು. ಎಲ್ಲಕ್ಕಿಂತ ಜಾಸ್ತಿ ಖರ್ಚಾಗಿದ್ದು ಆಸ್ಪತ್ರೆಗೆ. ಎಮರ್ಜೆನ್ಸಿಗೆ ಐದಾರು ಸಲ ಓಡಿರಬೇಕು. ಪ್ರತಿ ಸಲ ಇಸಿಜಿ, ಪ್ರತಿ ಸಲ ನಾರ್ಮಲ್. ಎರಡು ದಿನ ಸಮಾಧಾನ, ಮೂರನೇ ದಿನ "ಈ ಸಲ ಯಂತ್ರಕ್ಕೆ ಗೊತ್ತಾಗದೇ ಹೋಗಿದ್ದರೆ?" ಒಂದು ತಿಂಗಳ ಸಂಬಳ ಹೀಗೆ ಹೋಯಿತು. ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸುವುದು ಬೇಕೇ ಬೇಕು. ಹೃದಯ, ಥೈರಾಯ್ಡ್, ರಕ್ತ, ಎಲ್ಲವನ್ನೂ ನೋಡಿಸಿಬಿಡಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಅದನ್ನು ಪ್ಯಾನಿಕ್ ಅಂದುಕೊಂಡು ಸ್ಟ್ರಾ ಹಿಡಿದು ಕೂರಬಾರದು. ಡಾಕ್ಟರ್ ಪೂರ್ತಿ ನೋಡಿ "ಏನೂ ಇಲ್ಲ" ಅಂದ ಮೇಲೆ ಅದೇ ಲಕ್ಷಣಕ್ಕೆ ಮತ್ತೆ ಮತ್ತೆ ಮಾಡಿಸುವ ಇಸಿಜಿ ಮಾತ್ರ ಪರೀಕ್ಷೆಯಲ್ಲ, ಅದೂ ಕಾಯಿಲೆಯ ಭಾಗ.

ಆಮೇಲೆ ಆ್ಯಪ್‌ಗಳು. ವರ್ಷದ ಚಂದಾ ಕಟ್ಟಿಸಿಕೊಳ್ಳುವ ಎರಡು, ತಿಂಗಳ ಲೆಕ್ಕದ ಒಂದು. ಜೊತೆಗೆ ನಾಡಿಬಡಿತ ತೋರಿಸುವ ವಾಚ್, ಭಾರದ ಹೊದಿಕೆ. ಇವೆಲ್ಲಕ್ಕಿಂತ ದುಬಾರಿಯಾಗಿದ್ದು ಒಂದು ಆನ್‌ಲೈನ್ ಕೋರ್ಸ್. ಅರ್ಧ ತಿಂಗಳ ಸಂಬಳ ಕೊಟ್ಟು ಸೇರಿದೆ. ನಲವತ್ತೋ ಐವತ್ತೋ ವಿಡಿಯೊ ಇದ್ದವು. ಬಹುಪಾಲು ವಿಡಿಯೊಗಳಲ್ಲಿ ಹೇಳುವವರ ಸ್ವಂತ ಕತೆ, ಉಳಿದಿದ್ದು ಹುರಿದುಂಬಿಸುವ ಮಾತು. ಎಕ್ಸ್‌ಪೋಶರ್ (ಹೆದರಿಸುವುದನ್ನು ಬೇಕಂತಲೇ ಎದುರಿಸುವ ಅಭ್ಯಾಸ) ಬಗ್ಗೆ ಇದ್ದದ್ದು ಕೊನೆಗೆ ಹತ್ತು ನಿಮಿಷ, ಅದರಲ್ಲೂ "ಧೈರ್ಯವಾಗಿ ಎದುರಿಸಿ" ಅನ್ನುವುದು ಬಿಟ್ಟರೆ ಹೇಗೆ ಎಂಬ ವಿವರವೇ ಇಲ್ಲ. ದುಡ್ಡು ವಾಪಸ್ ಬೇಕಾದರೆ ಕೋರ್ಸಿನ ಎಲ್ಲ ಅಭ್ಯಾಸದ ಹಾಳೆ ತುಂಬಿಸಿ ಕಳಿಸಬೇಕಿತ್ತು. ಎಲ್ಲವನ್ನೂ ತುಂಬಿಸಿಯೇ ಕಳಿಸಿದೆ. ವಾಪಸ್ ಬಂದದ್ದು ಅರ್ಧಕ್ಕಿಂತ ಕಮ್ಮಿ.

ಉಸಿರಾಟದ ಆ್ಯಪ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಮೊದಮೊದಲು ಅದು ಕೆಲಸ ಮಾಡಿತು. ನಾಲ್ಕು ಎಣಿಸಿ ಎಳೆದುಕೋ, ಏಳು ಎಣಿಸುವವರೆಗೆ ಹಿಡಿದುಕೋ, ಎಂಟು ಎಣಿಸಿ ಬಿಡು. ಎದೆ ಬಡಿತ ಇಳಿಯುತ್ತಿತ್ತು. ಆಮೇಲೆ ಲಿಫ್ಟ್ ಹತ್ತುವ ಮೊದಲು ಅದು, ಮೀಟಿಂಗ್‌ಗೆ ಮೊದಲು ಅದು, ಸಾಲಿನಲ್ಲಿ ನಿಂತಾಗ ಅದು. ಒಂದು ದಿನ ಫೋನ್ ಚಾರ್ಜ್ ಮುಗಿದು ಆ್ಯಪ್ ಇಲ್ಲದೇ ಸಿಕ್ಕಿಬಿದ್ದೆ. ಆ ವರ್ಷದ ಅತಿ ಜೋರಿನ ಅಟ್ಯಾಕ್ ಅವತ್ತೇ ಆಯಿತು. ಎದೆ ಬಡಿತಕ್ಕೆ ಹೆದರುವುದು ಒಂಚೂರೂ ಕಮ್ಮಿಯಾಗಿರಲಿಲ್ಲ. ಅದನ್ನು ಇಳಿಸುವ ಒಂದು ಊರುಗೋಲು ಸಿಕ್ಕಿತ್ತು, ಅಷ್ಟೆ.

ಸ್ನಾಯುಗಳನ್ನು ಬಿಗಿಮಾಡಿ ಸಡಿಲಬಿಡುವ ಪದ್ಧತಿಯನ್ನೂ ಮಾಡಿ ನೋಡಿದೆ. ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯರು 1920ರ ದಶಕದಲ್ಲಿ ರೂಢಿಸಿದ್ದು ಅದು. ರಾತ್ರಿ ನಿದ್ದೆಗೆ, ಭುಜದ ನೋವಿಗೆ ಈಗಲೂ ಮಾಡುತ್ತೇನೆ. ಇಡೀ ದಿನ ಚಿಂತೆ ಮಾಡುತ್ತಲೇ ಇರುವವರಿಗೆ ಅದು ನಿಜಕ್ಕೂ ಒಳ್ಳೆಯದು. ಪ್ಯಾನಿಕ್‌ಗೆ ನನಗೇನೂ ಆಗಲಿಲ್ಲ. ಕೆಲವರಿಗೆ ಮೈ ಸಡಿಲವಾಗುತ್ತಿದ್ದ ಹಾಗೆಯೇ ಗಾಬರಿ ಶುರುವಾಗುತ್ತದೆ, ನನಗೂ ಎರಡು ಮೂರು ಸಲ ಹಾಗಾಯಿತು. ನಿಮಗೂ ಆದರೆ ನಿಮ್ಮಲ್ಲೇ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ.

ದಾರಿ ಬದಲಾಗಿದ್ದು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ ಬಗ್ಗೆ ಮುಂದಿಟ್ಟ ವಿವರಣೆ ಓದಿದ ಮೇಲೆ. ಎದೆ ಜೋರಾಗಿ ಹೊಡೆಯುತ್ತದೆ. "ಹಾರ್ಟ್ ಅಟ್ಯಾಕ್" ಅಂದುಕೊಳ್ಳುತ್ತೇವೆ. ಆ ಭಯಕ್ಕೆ ಎದೆ ಇನ್ನೂ ಜೋರಾಗುತ್ತದೆ. ಇದೆಲ್ಲ ಮೊದಲೇ ಗೊತ್ತಿತ್ತು, ಆದರೆ ಅದರಿಂದ ಏನು ಮಾಡಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ. ಭಯ ಇರುವುದು ಲಿಫ್ಟಿನ ಮೇಲಲ್ಲ, ನನ್ನದೇ ಮೈಯ ಮೇಲೆ. ಹಾಗಿದ್ದರೆ ಮೈಯಲ್ಲಿ ಆಗುವ ಆ ಲಕ್ಷಣಗಳನ್ನೇ ಬೇಕಂತಲೇ ತರಿಸಿಕೊಳ್ಳಬೇಕು. ಮನಶ್ಶಾಸ್ತ್ರಜ್ಞರಾದ ಡೇವಿಡ್ ಬಾರ್ಲೋ, ಮಿಷೆಲ್ ಕ್ರಾಸ್ಕ್ ಇವರೆಲ್ಲ ಪ್ಯಾನಿಕ್ ಚಿಕಿತ್ಸೆಯಲ್ಲಿ ಮಾಡಿಸಿದ್ದು ಇದನ್ನೇ. ನಾನು ದುಡ್ಡು ಕೊಟ್ಟ ಒಂದು ಪ್ರೋಗ್ರಾಂ ಕೂಡ ಇದನ್ನು ನೆಟ್ಟಗೆ ಮಾಡಿಸಲಿಲ್ಲ. ಹೆದರಿಸುವ ಕೆಲಸ ಮಾಡಿಸಿದರೆ ಚಂದಾದಾರ ಓಡಿಹೋಗುತ್ತಾನಲ್ಲ!

ಸ್ಟ್ರಾದಿಂದ ಶುರು ಮಾಡಿದೆ. ತೆಳ್ಳಗಿನದು, ಜ್ಯೂಸಿನ ದಪ್ಪ ಸ್ಟ್ರಾ ಅಲ್ಲ. ನೋಟ್‌ಬುಕ್ಕಿನಲ್ಲಿ ಮೊದಲು ಬರೆಯಬೇಕು: ಏನಾಗುತ್ತದೆ ಅನ್ನಿಸುತ್ತಿದೆ, ಎಷ್ಟು ಖಾತ್ರಿ. ನಾನು ಬರೆದದ್ದು, "ಉಸಿರು ಕಟ್ಟಿ ಪ್ರಜ್ಞೆ ತಪ್ಪಿ ಬೀಳುತ್ತೇನೆ, ನೂರಕ್ಕೆ 80." ಆಮೇಲೆ ಮೂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಬಾಯಲ್ಲಿ ಸ್ಟ್ರಾ ಇಟ್ಟು, ಅದರಲ್ಲೇ ಎರಡು ನಿಮಿಷ ಉಸಿರಾಡಬೇಕು. ಮೊದಲ ಸಲ ಅರ್ಧ ನಿಮಿಷ ಆಗುವುದರೊಳಗೆ ಸ್ಟ್ರಾ ಕಿತ್ತು ಬಿಸಾಡಿದೆ. ಕಿವಿಯಲ್ಲಿ ಢವಢವ, ಅಂಗೈ ತೇವ, ಎದ್ದು ಕಿಟಕಿ ತೆಗೆಯಬೇಕು ಅನ್ನುವ ಒತ್ತಡ. ಕಿಟಕಿ ತೆಗೆಯಲಿಲ್ಲ. ಎದೆ ತಾನಾಗಿ ಇಳಿಯುವವರೆಗೆ ಸುಮ್ಮನೆ ಕೂತು, ಮತ್ತೆ ಸ್ಟ್ರಾ ಹಿಡಿದೆ. ಒಂದೇ ಕೂರಿಕೆಯಲ್ಲಿ ಮೂರೋ ನಾಲ್ಕೋ ಸುತ್ತು. ಮುಗಿದ ಮೇಲೆ ಇನ್ನೊಂದು ಕಾಲಂ: ನಿಜಕ್ಕೂ ಏನಾಯಿತು. "ಬೀಳಲಿಲ್ಲ. ಕೆಟ್ಟದಾಗಿತ್ತು. ನಾಲ್ಕು ನಿಮಿಷಕ್ಕೆ ಇಳಿಯಿತು." ಒಂದು ವಾರ ಕಳೆಯುವಷ್ಟರಲ್ಲಿ ಆ 80 ಇಪ್ಪತ್ತರ ಆಸುಪಾಸಿಗೆ ಬಂತು.

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಈ ಎರಡು ಕಾಲಂಗಳಲ್ಲಿದೆ. ಬರೆಯದೆ ಮಾಡಿದ ದಿನ "ಅಬ್ಬಾ, ಬಚಾವಾದೆ" ಅನ್ನಿಸಿ ಮುಗಿಯುತ್ತಿತ್ತು. ಬರೆದ ದಿನ ಮಾತ್ರ "ನಾನು ಅಂದುಕೊಂಡಿದ್ದು ಆಗಲೇ ಇಲ್ಲ" ಎಂದು ಕಣ್ಣೆದುರೇ ಇರುತ್ತಿತ್ತು.

ನಂತರ ಜೋರು ಉಸಿರು. ಒಂದು ನಿಮಿಷ ಬಾಯಿ ತೆರೆದು ಆಳವಾಗಿ, ವೇಗವಾಗಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳ ತುದಿ, ತುಟಿ ಸುತ್ತ ಜುಮುಜುಮು, ತಲೆ ಹಗುರ. ಇದನ್ನು ಮಾಡಿದಾಗ ಬೆಚ್ಚಿಬಿದ್ದೆ. ಲಿಫ್ಟಿನಲ್ಲಿ ಆಗುತ್ತಿದ್ದದ್ದು ಅಕ್ಷರಶಃ ಇದೇ! ನಾನೇ ಒಂದು ನಿಮಿಷದಲ್ಲಿ ತಯಾರಿಸಬಹುದಾದದ್ದಕ್ಕೆ ಇಷ್ಟು ವರ್ಷ ಆಂಬುಲೆನ್ಸ್ ಲೆಕ್ಕ ಹಾಕಿದ್ದೆ. ಆಗ ಕೆಲವರು ಕಾಗದದ ಚೀಲದಲ್ಲಿ ಉಸಿರಾಡಿ ಅನ್ನುತ್ತಾರೆ. ಬೇಡ. ಅದು ಪ್ಯಾನಿಕ್ ಅಲ್ಲದೆ ನಿಜವಾಗಿ ಹೃದಯದ ಅಥವಾ ಶ್ವಾಸಕೋಶದ ತೊಂದರೆಯಾಗಿದ್ದರೆ ಅಪಾಯ. ಕುರ್ಚಿಯಲ್ಲಿ ಒಂದು ನಿಮಿಷ ಗಿರಗಿರ ತಿರುಗುವುದು ತಲೆಸುತ್ತಿನ ಭಯಕ್ಕೆ. ಕನ್ನಡಿಯಲ್ಲಿ ಕಣ್ಣು ಕದಲಿಸದೆ ನೋಡುವುದು "ಇದು ನಾನಲ್ಲ" ಅನ್ನಿಸುವ ವಿಚಿತ್ರ ಭಾವಕ್ಕೆ. ಎಲ್ಲವನ್ನೂ ಒಮ್ಮೊಮ್ಮೆ ಮಾಡಿ, ಯಾವುದು ನಿಮ್ಮ ಅಟ್ಯಾಕ್ ಥರವೇ ಇದೆಯೋ ಅದನ್ನು ಹಿಡಿಯಿರಿ. ಏನೂ ಅನ್ನಿಸದ್ದಕ್ಕೆ ಸಮಯ ಹಾಕಬೇಡಿ. ಹೃದಯದ ಕಾಯಿಲೆ, ಅಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇವು ಯಾವುದನ್ನೂ ಮಾಡಬಾರದು.

ಮೂರನೇ, ನಾಲ್ಕನೇ ವಾರದ ಬಗ್ಗೆ ಯಾರೂ ಹೇಳುವುದಿಲ್ಲ. ಅಟ್ಯಾಕ್ ಜಾಸ್ತಿಯಾಯಿತು. ಆಗ ಅಣ್ಣ, "ನೋಡು, ನಾನು ಹೇಳ್ಲಿಲ್ವಾ" ಅಂದ. ಅವನಿಗೆ ನೋಟ್‌ಬುಕ್ ತೋರಿಸಿದೆ. ಸಂಖ್ಯೆ ಹೆಚ್ಚಾಗಿತ್ತು, ಆದರೆ ಒಂದೊಂದೂ ಚಿಕ್ಕದಾಗುತ್ತಿತ್ತು. ಮುಂಚೆ ಅರ್ಧ ಗಂಟೆ ಅಲ್ಲಾಡಿಸುತ್ತಿದ್ದದ್ದು ಏಳೆಂಟು ನಿಮಿಷಕ್ಕೆ ಇಳಿಯುತ್ತಿತ್ತು. ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ಇಳಿಮುಖವಾಗುತ್ತದೆ, ಅದರ ಮೇಲೆ ಎಳೆಯುತ್ತಿದ್ದದ್ದು ನನ್ನ ಹೋರಾಟವೇ. ಹೆಚ್ಚು ಜನ ಬಿಟ್ಟುಬಿಡುವುದು ಈ ವಾರಗಳಲ್ಲೇ. ದಯವಿಟ್ಟು ಬಿಡಬೇಡಿ.

ನಾನು ಬಿಡದೇ ಇದ್ದದ್ದಕ್ಕೆ ಕಾರಣ ಭಾನುವಾರದ ಫೋನ್. ಗೆಳತಿಗೆ ಒಂದೇ ನಿಯಮ ಹೇಳಿದ್ದೆ: ಏನು ಮಾಡಿದೆ ಎಂದು ಕೇಳು, ಸಮಾಧಾನ ಮಾತ್ರ ಹೇಳಬೇಡ. "ನಿನಗೇನೂ ಆಗಲ್ಲ ಕಣೇ" ಅನ್ನುವುದೂ ಇಸಿಜಿ ಥರವೇ, ಎರಡು ದಿನ ಬರುತ್ತದೆ. ಪ್ರತಿ ತಿಂಗಳು ಒಂದು ದಿನದ ಸಂಬಳ ಅವಳ ಕೈಗೆ ಕೊಡುತ್ತಿದ್ದೆ. ಒಂದು ವಾರ ತಪ್ಪಿಸಿದರೆ ಅದರ ಕಾಲು ಭಾಗ ಅವಳದ್ದು. ಎರಡು ಸಲವೋ ಏನೋ ಹೋಯಿತು, ಆಮೇಲೆ ಹೋಗಲಿಲ್ಲ. ನಾನು ಹಾಕಿದ ದುಡ್ಡಲ್ಲೆಲ್ಲ ಫಲ ಕೊಟ್ಟದ್ದು ಇದೊಂದೇ. ಯಾರೂ ಕೇಳುವವರಿಲ್ಲದೆ ಒಬ್ಬರೇ ಮಾಡುವ ಪ್ರೋಗ್ರಾಂಗಳನ್ನು ಜನ ಮಧ್ಯದಲ್ಲೇ ಬಿಡುವುದು ಜಾಸ್ತಿ. ವಾರಕ್ಕೆ ಹತ್ತು ನಿಮಿಷ ಕೇಳುವವರಿದ್ದರೆ ಕತೆಯೇ ಬೇರೆ. ಕೌನ್ಸೆಲರ್‌ಗೆ ಆಮೇಲೆ ಇನ್ನೊಂದು ವಿಷಯವನ್ನೂ ತೋರಿಸಿದೆ: ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿ, ಪ್ಯಾನಿಕ್ ತೀರಾ ವಿಪರೀತ ಇಲ್ಲದವರಿಗೆ ಸಿಬಿಟಿ ಆಧಾರದ ಸೆಲ್ಫ್ ಹೆಲ್ಪನ್ನು ಚಿಕಿತ್ಸೆಯ ಪಟ್ಟಿಯಲ್ಲೇ ಇಟ್ಟಿದೆ. ಅವರು ಸುಮ್ಮನಾದರು.

ಮನೆಯಲ್ಲಿ ಗಟ್ಟಿಯಾದ ಮೇಲೆ ಹೊರಗೆ. ಲಿಫ್ಟ್, ಉದ್ದ ಸಾಲು, ಬಾಗಿಲಿನಿಂದ ದೂರದ ಕುರ್ಚಿ. ಇಲ್ಲಿ ಜಾಗಕ್ಕಿಂತ ಕಷ್ಟ ಆಗಿದ್ದು ಊರುಗೋಲುಗಳನ್ನು ಬಿಡುವುದು. ನೀರಿನ ಬಾಟಲಿ ಮೊದಲು ಹೋಯಿತು. ನಾಡಿ ನೋಡುವ ವಾಚನ್ನು ಅರ್ಧ ಬೆಲೆಗೆ ಮಾರಿದೆ. ಪರ್ಸಿನಲ್ಲಿ ತುರ್ತಿಗೆಂದು ಇಟ್ಟ ಒಂದು ಮಾತ್ರೆ ಕೊನೆಗೆ ಹೋಯಿತು. ನುಂಗಿದ್ದೇ ಅಪರೂಪ, ಇದೆ ಅನ್ನುವುದೇ ಅದರ ಕೆಲಸ ಆಗಿತ್ತು. ದಿನಾ ಮಾತ್ರೆ ತೆಗೆದುಕೊಳ್ಳುವವರು ನನ್ನ ಮಾತು ಕೇಳಿ ತಾವಾಗಿ ನಿಲ್ಲಿಸಬೇಡಿ. ನಿದ್ದೆಗೆ, ಗಾಬರಿಗೆ ಕೊಡುವ ಕೆಲವು ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಹೊರಗೆ ಎದುರಿಸಬೇಕಾದವುಗಳ ನನ್ನ ಪಟ್ಟಿಯ ಕೊನೆಯ ಎರಡು ಮೆಟ್ಟಿಲು ಏನೆಂದು ಇಲ್ಲಿ ಬರೆಯುವುದಿಲ್ಲ. ಓದಿದವರಿಗೆ ಇಲ್ಲದ ಭಯ ಹುಟ್ಟುತ್ತದೆ. ಲಿಫ್ಟಿನ ಬಾಗಿಲು ಮುಚ್ಚುವಾಗ ನನಗೆ ನಾನೇ ಹೇಳಿಕೊಳ್ಳುವ ಒಂದು ಸಾಲಿದೆ, ಅದನ್ನೂ ಕೊಡುವುದಿಲ್ಲ. ಬೇರೆಯವರ ಸಾಲು ಬಾಯಿಪಾಠವಾದರೆ ಅದೂ ಇನ್ನೊಂದು ಊರುಗೋಲು. ನಿಮ್ಮದನ್ನು ನೀವೇ ಕಂಡುಕೊಳ್ಳಬೇಕು. ಸುಳಿವು ಇಷ್ಟೇ: ಸಮಾಧಾನ ಹೇಳುವ ಸಾಲಲ್ಲ, ಸವಾಲು ಹಾಕುವ ಸಾಲು.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಒಂದು ತಿಂಗಳು ಕಾಫಿ ಬಿಟ್ಟೆ, ಎದೆ ಬಡಿತ ಕಮ್ಮಿಯಾಯಿತು. ಕೆಫೀನ್ ಪ್ಯಾನಿಕ್ ಇರುವವರನ್ನು ಕೆಣಕುತ್ತದೆ ಎಂಬುದು ಗೊತ್ತಿರುವ ವಿಷಯವೇ. ಆದರೆ ಬಿಟ್ಟು ಬದುಕುವುದೂ ತಪ್ಪಿಸಿಕೊಳ್ಳುವುದೇ ಅಲ್ವಾ? ಕೊನೆಕೊನೆಗೆ ಗಟ್ಟಿ ಕಾಫಿ ಕುಡಿದು, ಮೆಟ್ಟಿಲು ಓಡಿ ಹತ್ತಿ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಲಿಫ್ಟ್ ಹತ್ತಿದೆ. ಎಲ್ಲಕ್ಕಿಂತ ಹೆಮ್ಮೆ ಆ ದಿನದ್ದು. ಸಂಜೆ ಇಪ್ಪತ್ತು ನಿಮಿಷ ಚಿಂತೆಗೇ ಮೀಸಲಿಟ್ಟು, ಹಗಲಿನ ಚಿಂತೆಗಳನ್ನೆಲ್ಲ ಅಲ್ಲಿಗೆ ತಳ್ಳುವುದನ್ನೂ ಮಾಡಿದೆ. ಪ್ಯಾನಿಕ್‌ಗೆ ಅಷ್ಟಕ್ಕಷ್ಟೆ, ಮಾಮೂಲಿ ಚಿಂತೆಗೆ ತುಂಬ ಚೆನ್ನಾಗಿ ಕೆಲಸ ಮಾಡಿತು. ಮುಖಕ್ಕೆ ತಣ್ಣೀರು ಹಾಕಿದರೆ ನಾಡಿ ಇಳಿಯುವುದು ನಿಜ, ಆದರೆ ಅದನ್ನೂ ಬಾಟಲಿಯ ಜೊತೆಗೇ ಬಿಟ್ಟೆ.

ಅಳತೆಗೆ ಜಿಎಡಿ-7 ಬಳಸಿದೆ. 2006ರಲ್ಲಿ ಬಂದ ಏಳು ಪ್ರಶ್ನೆಗಳ ಪಟ್ಟಿ, ಸೊನ್ನೆಯಿಂದ 21ರವರೆಗೆ ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್ ಹತ್ತಿರ ಹೋಗಬೇಕು. ನಾನು 16ರಿಂದಲೋ 17ರಿಂದಲೋ ಶುರು ಮಾಡಿ ಆರು ತಿಂಗಳಲ್ಲಿ ಐದರ ಆಸುಪಾಸಿಗೆ ಬಂದೆ. ಅದು ಆತಂಕದ ಅಳತೆ, ಪ್ಯಾನಿಕ್‌ನದಲ್ಲ. ಅಟ್ಯಾಕ್‌ಗಳನ್ನು ಕ್ಯಾಲೆಂಡರಿನಲ್ಲಿ ಬೇರೆ ಗುರುತು ಹಾಕಿಕೊಳ್ಳಿ.

ಎಲ್ಲರಿಗೂ ಇದು ಸಾಕಾಗುವುದಿಲ್ಲ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ, ಹಾಸಿಗೆಯಿಂದ ಏಳಲಾಗದಷ್ಟು ಖಿನ್ನತೆ ಇದ್ದರೆ, ಕುಡಿದು ಸುಧಾರಿಸಿಕೊಳ್ಳುವ ಅಭ್ಯಾಸವಾಗಿದ್ದರೆ, ಹಳೆಯ ಆಘಾತ ಕಣ್ಮುಂದೆ ಬರುತ್ತಿದ್ದರೆ ಮೊದಲು ಡಾಕ್ಟರ್, ಆಮೇಲೆ ಬೇಕಾದರೆ ಇದು. ಉಳಿದವರು ಪ್ರೋಗ್ರಾಂ ಕೊಳ್ಳುವ ಮೊದಲು ವಿಷಯಪಟ್ಟಿ ತೆರೆದು ನೋಡಿ. ಲಕ್ಷಣಗಳನ್ನು ಬೇಕಂತಲೇ ತರಿಸುವ ಅಭ್ಯಾಸ ಮೊದಲ ಮೂರನೇ ಒಂದು ಭಾಗದೊಳಗೆ ಇಲ್ಲದಿದ್ದರೆ ದುಡ್ಡು ಉಳಿಸಿಕೊಳ್ಳಿ.

ಈ ವರ್ಷ ಜ್ವರ ಬಂದು ಎದ್ದ ಮೇಲೆ ಒಂದು ವಾರ ಎದೆ ಮತ್ತೆ ತಕಪಕ ಅಂದಿತು. ಸ್ಟ್ರಾ ತೆಗೆದೆ, ಕಾಲಂ ಎಳೆದೆ, ಹತ್ತು ಹನ್ನೆರಡು ದಿನದಲ್ಲಿ ಸರಿಹೋಯಿತು. ಮುಂದಿನದು ವಿಮಾನ. ಬಾಗಿಲಿನಿಂದ ದೂರದ, ಕಿಟಕಿ ಪಕ್ಕದ ಸೀಟನ್ನೇ ಕೇಳಿ ಟಿಕೆಟ್ ಮಾಡಿಸಿದ್ದೇನೆ. ಸ್ಟ್ರಾದ ಅವಧಿಯನ್ನು ಮೂರು ನಿಮಿಷಕ್ಕೆ ಏರಿಸಿದ್ದೇನೆ. ವಿಮಾನದ ಕಾಲಂನಲ್ಲಿ ಸದ್ಯಕ್ಕೆ ಬರೆದಿರುವುದು 60.