ಬಾರ್ಡರ್ ಶುಗರ್ ಇದ್ದವರ ವ್ಯಾಯಾಮ: ಎಷ್ಟು, ಯಾವಾಗ, ಹೇಗೆ

"ಬಾರ್ಡರ್‌ನಾಗ ಐತಿ, ಗುಳಿಗಿ ಬ್ಯಾಡ, ವಾಕಿಂಗ್ ಮಾಡ್ರಿ." ಹುಬ್ಬಳ್ಳಿ-ಧಾರವಾಡದ ದವಾಖಾನೆಗಳಿಂದ ಇಷ್ಟು ಮಾತು ಕೇಳಿಕೊಂಡು ಹೊರಬರುವವರು ಬಹಳ ಮಂದಿ. ಮರುದಿನ ಬೆಳಿಗ್ಗೆಯೇ ಉಣಕಲ್ ಕೆರೆಗೋ ನೃಪತುಂಗ ಬೆಟ್ಟಕ್ಕೋ ಹೊರಡುತ್ತಾರೆ. ಮನೆಗೆ ಬಂದು ಸ್ನಾನ ಮಾಡಿ ಅಂಗಡಿಯ ಗಾದಿಯ ಮೇಲೆ ಕೂತರೆ ಏಳುವುದು ರಾತ್ರಿಯೇ. ಮೂರು ತಿಂಗಳಾದ ಮೇಲೆ ರಿಪೋರ್ಟಿನಲ್ಲಿ ಹೆಚ್ಚೇನೂ ಬದಲಾಗಿಲ್ಲವೆಂದು ಬೇಸತ್ತು ವಾಕಿಂಗ್ ಬಿಡುತ್ತಾರೆ. ಇಂಥವರಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುವುದು ಎರಡು: ಊಟದ ನಂತರದ ನಡಿಗೆ ಮತ್ತು ಸ್ನಾಯು ಬಲಪಡಿಸುವ ಕೆಲಸ.

ಮೊದಲು ನಿಮ್ಮ ಅಂಕಿ ತಿಳಿದುಕೊಳ್ಳಿ. ಬರಿಹೊಟ್ಟೆಯ ಸಕ್ಕರೆ 100ರಿಂದ 125, ಅಥವಾ 75 ಗ್ರಾಂ ಗ್ಲುಕೋಸ್ ಕುಡಿದು ಎರಡು ತಾಸಿಗೆ 140ರಿಂದ 199, ಅಥವಾ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 5.7ರಿಂದ 6.4 ಇದ್ದರೆ ಅದೇ ಬಾರ್ಡರ್. ಇನ್ನೂ ಪರೀಕ್ಷೆ ಮಾಡಿಸಿಲ್ಲವೇ? 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ಬಿಪಿ ತಪಾಸಣೆ ಪುಕ್ಕಟೆ. ಅದಕ್ಕೂ ಮೊದಲು ಮನೆಯಲ್ಲೇ ಒಂದು ಲೆಕ್ಕ ಹಾಕಬಹುದು. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2005ರಲ್ಲಿ ಭಾರತೀಯರಿಗೆಂದೇ 100 ಅಂಕಗಳ ಅಪಾಯದ ಪಟ್ಟಿಯೊಂದನ್ನು ಮಾಡಿತು. ವಯಸ್ಸು 35ರಿಂದ 49 ಇದ್ದರೆ 20 ಅಂಕ, 50 ತುಂಬಿದ್ದರೆ 30. ನಡುವಿನ ಸುತ್ತಳತೆ ಗಂಡಸರಿಗೆ 90ರಿಂದ 99 ಸೆಂ.ಮೀ., ಹೆಂಗಸರಿಗೆ 80ರಿಂದ 89 ಇದ್ದರೆ 10 ಅಂಕ, ಅದಕ್ಕೂ ಮೇಲಿದ್ದರೆ 20. ವ್ಯಾಯಾಮವಿಲ್ಲದೆ ದಿನವಿಡೀ ಕೂತೇ ಇರುವವರಿಗೆ 30. ತಂದೆ-ತಾಯಿಯಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಮುಟ್ಟಿದರೆ ಅಪಾಯ ಹೆಚ್ಚು, ರಕ್ತ ಪರೀಕ್ಷೆ ತಡಮಾಡಬಾರದು. ವಯಸ್ಸನ್ನೂ ಹೆತ್ತವರನ್ನೂ ಬದಲಿಸಲಾಗದು, ಉಳಿದ 50 ಅಂಕ ಮಾತ್ರ ನಮ್ಮ ಕೈಯಲ್ಲಿವೆ. ಟೇಪನ್ನು ಪ್ಯಾಂಟಿನ ಬೆಲ್ಟಿನ ಜಾಗದಲ್ಲಿ ಹಿಡಿಯಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿದು, ಉಸಿರು ಬಿಟ್ಟ ಮೇಲೆ ಅಳೆಯಿರಿ.

ಸಕ್ಕರೆ ಎಲ್ಲಿ ಹೋಗುತ್ತದೆ

ಇನ್ಸುಲಿನ್ನಿನ ಆಜ್ಞೆಯಂತೆ ರಕ್ತದ ಸಕ್ಕರೆಯನ್ನು ಅತಿ ಹೆಚ್ಚು ಒಳಗೆಳೆದುಕೊಳ್ಳುವುದು ಸ್ನಾಯು. ಬಾರ್ಡರ್‌ನಲ್ಲಿ ಇರುವವರ ಸ್ನಾಯು ಆ ಆಜ್ಞೆಗೆ ಸರಿಯಾಗಿ ಓಗೊಡುವುದಿಲ್ಲ. ಆದರೆ ಸ್ನಾಯು ದುಡಿಯುವಾಗ ಇನ್ಸುಲಿನ್ ಕರೆಯದೆಯೂ ಗ್ಲೂಟ್-4 ಎಂಬ ಸಾಗಣೆ ಪ್ರೋಟೀನು ಜೀವಕೋಶದ ಅಂಚಿಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಲಸ ನಿಂತ ಮೇಲೂ ಒಂದರಿಂದ ಮೂರು ದಿನ ಸ್ನಾಯು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ, ಆಮೇಲೆ ಮತ್ತೆ ಮೊದಲಿನಂತೆ. ಆದ್ದರಿಂದ ರವಿವಾರ ಒಂದೇ ದಿನ ಎರಡು ತಾಸು ಬೆವರು ಹರಿಸಿದರೆ ಬುಧವಾರದ ಹೊತ್ತಿಗೆ ಅದರ ಫಲ ಉಳಿದಿರುವುದಿಲ್ಲ. ಸತತ ಎರಡು ದಿನಕ್ಕಿಂತ ಹೆಚ್ಚು ಖಾಲಿ ಬಿಡಬೇಡಿ.

ತೂಕ ಇಳಿಯದಿದ್ದರೂ ಲಾಭವಿದೆ. ಚೆನ್ನೈಯಲ್ಲಿ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಡಿಗೆ ಮತ್ತು ಆಹಾರದ ಸಲಹೆ ಪಾಲಿಸಿದವರಿಗೆ ಮಧುಮೇಹ ಬರುವ ಸಾಧ್ಯತೆ ಶೇ. 28.5ರಷ್ಟು ತಗ್ಗಿತು, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. 2002ರ ಅಮೆರಿಕದ ಅಧ್ಯಯನದಲ್ಲಿ ವಾರಕ್ಕೆ 150 ನಿಮಿಷದ ಚಟುವಟಿಕೆಯ ಜೊತೆಗೆ ಶೇ. 7ರಷ್ಟು ತೂಕ ಇಳಿಸುವ ಗುರಿಯಿತ್ತು, ಅಲ್ಲಿ ಅಪಾಯ ತಗ್ಗಿದ್ದು ಶೇ. 58. ಹೊಟ್ಟೆಯ ಬೊಜ್ಜು ಇರುವವರು ಎರಡನ್ನೂ ಹಿಡಿಯುವುದು ಒಳ್ಳೆಯದು. 75 ಕೆ.ಜಿ. ಇರುವವರಿಗೆ ಶೇ. 7 ಅಂದರೆ ಐದು ಕೆ.ಜಿ.ಗಿಂತ ತುಸು ಹೆಚ್ಚು.

ನಡಿಗೆ

ನಿಮಿಷಕ್ಕೆ ಕನಿಷ್ಠ 100 ಹೆಜ್ಜೆ ಹಾಕಬೇಕು. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮನ್ನು ಒಂದು ತುದಿಯಿಂದ ಇನ್ನೊಂದಕ್ಕೆ 18 ನಿಮಿಷದಲ್ಲಿ ಮುಟ್ಟುವ ವೇಗ ಎಂದುಕೊಳ್ಳಿ. ಗೆಳೆಯರ ಜೊತೆ ರಾಜಕಾರಣ ಮಾತಾಡುತ್ತ ಕೆರೆ ಸುತ್ತುವಾಗ ಈ ವೇಗ ಬರುವುದು ಕಷ್ಟ. ಈ ವೇಗದಲ್ಲಿ ಒಂದೇ ಸಮನೆ ನಡೆಯಲು ಆಗದಿದ್ದರೆ ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ ಮಾಡಿ. ವಾರದಲ್ಲಿ ಐದು ದಿನ 30 ನಿಮಿಷ ಗುರಿ. ಹೊಸಬರು 10 ನಿಮಿಷದಿಂದ ಶುರುಮಾಡಿ ವಾರಕ್ಕೆ 5 ನಿಮಿಷ ಏರಿಸಲಿ.

ಬೆಳಗಿನ ನಡಿಗೆಯಲ್ಲಿ ಅರ್ಧವನ್ನಾದರೂ ಊಟದ ನಂತರಕ್ಕೆ ಸರಿಸಿ ಎಂಬುದು ನಮ್ಮ ಖಚಿತ ಸಲಹೆ. ಅಪಾಯದ ಅಂಚಿನಲ್ಲಿದ್ದ ಹಿರಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ, ಮೂರು ಊಟದ ನಂತರ 15 ನಿಮಿಷದಂತೆ ನಡೆದದ್ದು ಬೆಳಿಗ್ಗೆ ಒಮ್ಮೆಲೇ 45 ನಿಮಿಷ ನಡೆದಷ್ಟೇ ಫಲ ಕೊಟ್ಟಿತು, ರಾತ್ರಿ ಊಟದ ನಂತರದ ಏರಿಕೆಯನ್ನಂತೂ ಅದಕ್ಕಿಂತ ಚೆನ್ನಾಗಿ ತಡೆಯಿತು. ನಮ್ಮ ಕಡೆ ರಾತ್ರಿ ಒಂಬತ್ತೂವರೆಗೆ ರೊಟ್ಟಿ, ಪಲ್ಯ, ಅನ್ನ ಉಂಡು ಹತ್ತಕ್ಕೆ ಹಾಸಿಗೆ ಸೇರುವ ಮನೆಗಳೇ ಹೆಚ್ಚಾದ್ದರಿಂದ ಇದು ಇಲ್ಲಿಯವರಿಗೆ ಬಹಳ ಮುಖ್ಯ. ಕೈ ತೊಳೆದ ಅರ್ಧ ತಾಸಿನೊಳಗೆ ಹೊರಡಿ, ಸಾಧಾರಣ ವೇಗ ಸಾಕು. ಮಳೆಗಾಲದಲ್ಲಿ ಎರಿಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಜಾರುತ್ತದೆ, ಬೀದಿನಾಯಿಯ ಕಾಟ ಬೇರೆ. ಆಗ ಮಾಳಿಗೆಯ ಮೇಲೆ ಅಥವಾ ಪಡಸಾಲೆಯಲ್ಲೇ ನಡೆಯಿರಿ.

ಕೂತು ದುಡಿಯುವವರು ಅರ್ಧ ತಾಸಿಗೊಮ್ಮೆ ಎದ್ದು ಮೂರು ನಿಮಿಷ ಓಡಾಡಲಿ. ಫೋನ್ ಬಂದಾಗಲೆಲ್ಲ ನಿಂತು ಮಾತಾಡುವ ರೂಢಿಯಿಂದ ಇದು ಸುಲಭ.

ಬಸ್ಕಿ ಮತ್ತು ಬಲ

ಗರಡಿಮನೆಗಳ ನಾಡಿನಲ್ಲಿ ಬಸ್ಕಿ, ದಂಡ ಹೊಸದೇನಲ್ಲ, 45ರ ಮೇಲಿನವರು ಬಿಟ್ಟುಬಿಟ್ಟಿದ್ದಾರೆ ಅಷ್ಟೇ. ತೊಡೆ, ಪೃಷ್ಠ, ಬೆನ್ನಿನ ದೊಡ್ಡ ಸ್ನಾಯುಗಳು ಬೆಳೆದಷ್ಟೂ ಸಕ್ಕರೆಗೆ ಜಾಗ ಹೆಚ್ಚು. ವಾರದಲ್ಲಿ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಟ್ಟು, 25 ನಿಮಿಷ ಸಾಕು.

ಕುರ್ಚಿ ಬಸ್ಕಿ: ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯ ಮುಂದೆ ಕಾಲು ಭುಜದಗಲ ಇಟ್ಟು ನಿಲ್ಲಿ. ಮೂರು ಎಣಿಸುತ್ತ ಇಳಿದು, ಕುರ್ಚಿ ತಾಗಿದೊಡನೆ ಕೈಯ ಆಸರೆ ಇಲ್ಲದೆ ಏಳಿ. ಹಿಮ್ಮಡಿ ಎತ್ತಬಾರದು, ಮಂಡಿ ಒಳಕ್ಕೆ ವಾಲಬಾರದು. ಮಂಡಿ ನೋಯುತ್ತಿದ್ದರೆ ಕುರ್ಚಿಯ ಮೇಲೆ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿಕೊಳ್ಳಿ, ದಿನ ಕಳೆದಂತೆ ಮಡಿಕೆ ತೆಗೆಯಿರಿ.

ದಂಡ: ಮೊದಲು ಗೋಡೆಗೆ ಕೈ ಕೊಟ್ಟು, ಆಮೇಲೆ ಮನೆ ಮುಂದಿನ ಕಟ್ಟೆಗೆ, ಕೊನೆಗೆ ನೆಲಕ್ಕೆ.

ಕ್ಯಾನ್ ಎಳೆತ: 5 ಲೀಟರ್ ನೀರು ತುಂಬಿದ ಕ್ಯಾನ್ ಅಂದರೆ 5 ಕೆ.ಜಿ. ಒಂದು ಕೈ ಕುರ್ಚಿಯ ಮೇಲೆ ಊರಿ, ಬೆನ್ನು ನೇರವಾಗಿಟ್ಟು ಬಾಗಿ, ಕ್ಯಾನನ್ನು ಸೊಂಟದವರೆಗೆ ಎಳೆಯಿರಿ. 

ಹಿಮ್ಮಡಿ ಎತ್ತುವುದು: ಪಾವಟಿಗೆಯ ಅಂಚಿನಲ್ಲಿ ಗೋಡೆ ಹಿಡಿದು ನಿಂತು, ಹಿಮ್ಮಡಿ ಎತ್ತಿ ಇಳಿಸಿ.

ಪ್ರತಿಯೊಂದೂ 8ರಿಂದ 12 ಸಲ, ಹಿಮ್ಮಡಿಯದ್ದು 15ರಿಂದ 20. ಮೊದಲ ಎರಡು ವಾರ ಒಂದೇ ಸುತ್ತು, ಆಮೇಲೆ ಎರಡು, ಮೂರು. ಕೊನೆಯ ಎರಡು ಸಲ ಕಷ್ಟವಾಗಲೇಬೇಕು. 15 ಸಲ ಹಗುರವಾಗಿ ಬಂದರೆ ಭಾರ ಹೆಚ್ಚಿಸುವ ಹೊತ್ತು ಬಂತು. ಎತ್ತುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ಬಿಪಿ ದಿಢೀರ್ ಏರುತ್ತದೆ.

ಹಳೆಯ ಪೈಲ್ವಾನಕಿ ನೆನಪಾಗಿ ಮೊದಲ ದಿನವೇ ನೂರು ಬಸ್ಕಿ ಹೊಡೆಯಬೇಡಿ. ಸ್ನಾಯು ವಿಪರೀತ ಜಖಂ ಆದರೆ ಕೆಲವು ದಿನ ಸಕ್ಕರೆ ಹೀರುವ ಶಕ್ತಿಯೇ ಕುಗ್ಗುತ್ತದೆ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ಅಪಾಯ, ಅಂದೇ ದವಾಖಾನೆಗೆ ಹೋಗಬೇಕು. ಮರುದಿನದ ಮೈಕೈ ನೋವು ಸಹಜ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ನಿಲ್ಲಿಸಿ. ಎದೆ ಬಿಗಿತ, ದವಡೆ ಅಥವಾ ಎಡಗೈಗೆ ಹರಿಯುವ ನೋವು, ತಲೆಸುತ್ತು ಬಂದರೆ ಕಾಯಬೇಡಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದವರು, ಬೀಡಿ-ಸಿಗರೇಟು ಸೇದುವವರು ಬಿರುಸಿನ ವ್ಯಾಯಾಮಕ್ಕೆ ಮೊದಲು ಡಾಕ್ಟರನ್ನು ಕಾಣಲಿ.

ಎಲ್ಲಿ ಕೈತಪ್ಪುತ್ತದೆ

70 ಕೆ.ಜಿ. ತೂಕದವರು ಅರ್ಧ ತಾಸು ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ. ಎರಡು ಚಮಚ ಸಕ್ಕರೆಯ ನಾಲ್ಕು ಕಪ್ ಚಹಾದಲ್ಲಿ ಸಕ್ಕರೆಯಿಂದಲೇ 160 ಬರುತ್ತದೆ. ವಾಕಿಂಗ್ ಮುಗಿಸಿ ಗಿರ್ಮಿಟ್, ಮಿರ್ಚಿ ತಿಂದು ಬರುವವರ ಲೆಕ್ಕ ಎಂದೂ ಸರಿಹೋಗದು.

ಗದಗ, ಹಾವೇರಿಯ ಹೊಲಗಳಲ್ಲಿ ದುಡಿಯುವವರು "ನಮಗ್ಯಾಕ ವ್ಯಾಯಾಮ" ಎನ್ನುವುದುಂಟು. ಬಿತ್ತನೆ, ಕಳೆ, ಕೊಯ್ಲಿನ ದಿನಗಳಲ್ಲಿ ಅದು ನಿಜ. ಆದರೆ ಈಗ ನೇಗಿಲಿನ ಕೆಲಸ ಟ್ರ್ಯಾಕ್ಟರ್ ಮಾಡುತ್ತದೆ, ಹೊಲಕ್ಕೆ ಹೋಗುವುದೂ ಬೈಕಿನಲ್ಲೇ. ಸುಗ್ಗಿ ಮುಗಿದು ಮುಂಗಾರು ಬರುವವರೆಗಿನ ತಿಂಗಳುಗಳಲ್ಲಿ ಕಟ್ಟೆಯ ಮೇಲೆ ಕೂತರೆ ದೇಹಕ್ಕೆ ಹಳೆಯ ದುಡಿಮೆಯ ಫಲ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಆರರ ಮೇಲೆ ನಡೆಯಿರಿ.

ಬಿರುಸಿನ ವ್ಯಾಯಾಮ ಮುಗಿದೊಡನೆ ಗ್ಲುಕೋಮೀಟರ್ ಹೆಚ್ಚು ತೋರಿಸಿದರೆ ಗಾಬರಿ ಬೇಡ. ಆಗ ಯಕೃತ್ತು ಸಕ್ಕರೆ ಬಿಡುಗಡೆ ಮಾಡಿರುತ್ತದೆ, ತಾಸೆರಡು ತಾಸಿನಲ್ಲಿ ಇಳಿಯುತ್ತದೆ. ಮೆಟ್‌ಫಾರ್ಮಿನ್ ಗುಳಿಗೆ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯುವ ಭಯ ಕಡಿಮೆ. ಗ್ಲಿಮೆಪಿರೈಡ್ ಗುಳಿಗೆ ಅಥವಾ ಇನ್ಸುಲಿನ್ ಇರುವವರು ಕಿಸೆಯಲ್ಲಿ 15 ಗ್ರಾಂ ಸಕ್ಕರೆ ಅಥವಾ ಗ್ಲುಕೋಸ್ ಇಟ್ಟುಕೊಂಡೇ ಹೊರಡಲಿ.

ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೆ ಮೊದಲು ಮತ್ತೆ ಮಾಡಿಸಿದರೆ ದುಡ್ಡು ದಂಡ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುವುದರಿಂದ ಬದಲಾವಣೆ ಪೂರ್ತಿ ಕಾಣಲು ಅಷ್ಟು ಕಾಲ ಬೇಕು. ಕಬ್ಬಿಣದಂಶ ಕೊರತೆಯ ರಕ್ತಹೀನತೆ ಇದ್ದ ಹೆಂಗಸರಲ್ಲಿ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಆದ್ದರಿಂದ ಹಿಮೋಗ್ಲೋಬಿನ್ನನ್ನೂ ಬರಿಹೊಟ್ಟೆಯ ಸಕ್ಕರೆಯನ್ನೂ ಜೊತೆಗೇ ನೋಡಿಸಿ. ಆರು ತಿಂಗಳು ಬಿಡದೆ ಮಾಡಿದ ಮೇಲೂ ಎಚ್‌ಬಿಎ1ಸಿ 6ರ ಮೇಲೆಯೇ ನಿಂತಿದ್ದರೆ, ಅಥವಾ ಬಸಿರಿನಲ್ಲಿ ಶುಗರ್ ಬಂದಿದ್ದ ಹೆಂಗಸರಾಗಿದ್ದರೆ, ವ್ಯಾಯಾಮ ಮುಂದುವರಿಸುತ್ತಲೇ ಗುಳಿಗೆ ಬೇಕೇ ಎಂದು ಡಾಕ್ಟರನ್ನು ಕೇಳಿ.