ನೆಲದ ಮೇಲಿನ ಈಜುಕೊಳ: ಲೈನರ್ ಹಾಸುವ ಮುನ್ನ ತಳ, ಅಂಚುಗಳ ಸಿದ್ಧತೆ

ತಗಡಿನ ಗೋಡೆಯನ್ನು ವೃತ್ತಾಕಾರವಾಗಿ ನಿಲ್ಲಿಸಿ, ಒಳಗೆ ವಿನೈಲ್ ಲೈನರ್ (ನೀರು ಸೋರದ ಪ್ಲಾಸ್ಟಿಕ್ ಹಾಳೆ) ಹಾಸಿ ನೀರು ತುಂಬುವ ಈಜುಕೊಳವನ್ನು ಮನೆಯಂಗಳದಲ್ಲೇ ಕಟ್ಟಿಕೊಳ್ಳಬಹುದು. ಆದರೆ ನೀರನ್ನು ಹಿಡಿದಿಡುವ ಆ ಹಾಳೆಯ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಒಂದು ಮೀಟರ್ ಆಳದ ನೀರು ತಳದ ಪ್ರತಿ ಚದರ ಮೀಟರಿನ ಮೇಲೆ ಒಂದು ಟನ್ ಭಾರ ಹೇರುವುದರಿಂದ, ಕೆಳಗೆ ಉಳಿದ ಒಂದು ಚೂಪಾದ ಹರಳು ಕೂಡ ಹಾಳೆಯನ್ನು ತೂತು ಮಾಡಬಲ್ಲದು. ಮಂಗಳೂರು, ಉಡುಪಿಯ ಮುರಕಲ್ಲಿನ (ಲ್ಯಾಟರೈಟ್ ಕೆಂಪುಕಲ್ಲಿನ) ನೆಲದಲ್ಲಿ ಇಂತಹ ಹರಳುಗಳಿಗೆ ಬರವಿಲ್ಲ.

ಮಳೆ ಪೂರ್ತಿ ನಿಂತು ಮಣ್ಣು ಆರಿದ ಮೇಲೆ ಕೆಲಸ ಆರಂಭಿಸಿ, ಪತ್ತನಾಜೆಗೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ, ಮಳೆಗಾಲ ಹತ್ತಿರವಾದುದನ್ನು ಸೂಚಿಸುವ ತುಳುನಾಡಿನ ದಿನ) ಸಾಕಷ್ಟು ಮೊದಲೇ ಮುಗಿಸಬೇಕು. ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಾಗಲಿ, ತೆಂಗಿನ ಮರದ ಬುಡವಾಗಲಿ ಈ ಕೊಳಕ್ಕೆ ತಕ್ಕ ಜಾಗವಲ್ಲ. 15 ಅಡಿ ವ್ಯಾಸದ ಕೊಳದಲ್ಲಿ 1.1 ಮೀಟರ್ ನೀರು ನಿಂತರೆ ಅದರ ತೂಕ 17 ಟನ್ನನ್ನು ಮೀರುತ್ತದೆ; ಮಳೆಗಾಲದಲ್ಲಿ ಸಡಿಲಗೊಂಡ ಧರೆ ಅಷ್ಟು ಭಾರವನ್ನು ತಾಳುತ್ತದೆಂದು ನಂಬಬಾರದು.

ನಡುವೆ ಗೂಟ ನೆಟ್ಟು, ಹಗ್ಗದಿಂದ ಕೊಳದ ವ್ಯಾಸಕ್ಕಿಂತ ಎರಡು ಮೂರು ಅಡಿ ದೊಡ್ಡದಾದ ವೃತ್ತವನ್ನು ಗುರುತಿಸಿ. ಮೇಲಿನ ಹುಲ್ಲನ್ನು ಬೇರುಸಹಿತ ಕೆತ್ತಿ ತೆಗೆಯಿರಿ. ಕೊನ್ನಾರಿ ಗಡ್ಡೆ (ನೆಲದೊಳಗೆ ಗಡ್ಡೆ ಬಿಡುವ ಒಂದು ಕಳೆ) ಇದ್ದರಂತೂ ಒಂದೂ ಉಳಿಯದಂತೆ ಅಗೆದು ಹೆಕ್ಕಲೇಬೇಕು, ಏಕೆಂದರೆ ಅದರ ಮೊಳಕೆಯ ಮೊನೆ ಪ್ಲಾಸ್ಟಿಕ್ ಹಾಳೆಯನ್ನು ಚುಚ್ಚಿಕೊಂಡು ಮೇಲೆ ಬರುತ್ತದೆ.

ಮಟ್ಟ ನೋಡಲು ಮೇಸ್ತ್ರಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ವೃತ್ತದ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದು ಅಂಗುಲಕ್ಕಿಂತ ಹೆಚ್ಚಿನ ವ್ಯತ್ಯಾಸ ಇರಕೂಡದು, ಅರ್ಧ ಅಂಗುಲದೊಳಗಿದ್ದರೆ ಉತ್ತಮ. ಇಲ್ಲಿ ಮುಖ್ಯ ನಿಯಮವೆಂದರೆ ಎತ್ತರದ ಭಾಗವನ್ನು ಕಡಿದು ತಗ್ಗಿನ ಮಟ್ಟಕ್ಕೆ ತರಬೇಕೇ ಹೊರತು, ತಗ್ಗಿಗೆ ಮಣ್ಣು ತುಂಬಿ ಎತ್ತರಿಸಬಾರದು. ತುಂಬಿದ ಮಣ್ಣು ಎಷ್ಟೇ ದಮ್ಮಾಸು ಹೊಡೆದರೂ (ಬಡಿದು ಗಟ್ಟಿಮಾಡಿದರೂ) ನೀರಿನ ಭಾರಕ್ಕೆ ಕುಸಿಯಬಹುದು. ಆಗ ನೀರು ಒಂದೇ ಬದಿಗೆ ಒತ್ತಿ ಗೋಡೆ ಹೊರಗೆ ಉಬ್ಬುತ್ತದೆ.

ಗೋಡೆಯ ಕೆಳಪಟ್ಟಿಯನ್ನು ಮರಳಿನ ಮೇಲೆ ಕೂರಿಸದೆ, ಗಟ್ಟಿ ನೆಲದ ಮೇಲೆಯೇ ಕೂರಿಸಬೇಕು. ಗೋಡೆಗೆ ಆಧಾರವಾಗಿ ನಿಲ್ಲುವ ಪ್ರತಿ ಕಂಬದ ಅಡಿಗೆ ಒಂದು ಕಾಂಕ್ರೀಟ್ ಚಪ್ಪಡಿಯನ್ನು ನೆಲದ ಮಟ್ಟಕ್ಕೆ ಹುಗಿದು, ರಸಮಟ್ಟ ಇಟ್ಟು ಪರೀಕ್ಷಿಸಿ. ಮುರಕಲ್ಲಿನ ತುಂಡು ಇಲ್ಲಿ ಬೇಡ, ಅದರ ಅಂಚು ಬೇಗ ಪುಡಿಯಾಗುತ್ತದೆ.

ಗೋಡೆ ನಿಂತ ಬಳಿಕ ಒಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ಮಣ್ಣಿನ ಮೇಲೆ ಹಾಸುವ ಗಟ್ಟಿ ಕೃತಕ ನೂಲಿನ ಬಟ್ಟೆ) ಹಾಸಿ, ಅದರ ಮೇಲೆ ಎರಡು ಅಂಗುಲ ದಪ್ಪಕ್ಕೆ ಸಣ್ಣ ಜರಡಿಯಲ್ಲಿ ಸೋಸಿದ ಮರಳನ್ನು ಹರಡಿ, ನೀರು ಚಿಮುಕಿಸಿ ದಮ್ಮಾಸು ಹೊಡೆಯಬೇಕು. ಸಮುದ್ರದ ಮರಳನ್ನು ಖಂಡಿತ ಬಳಸಬೇಡಿ. ಅದರ ಉಪ್ಪು ತೇವವನ್ನು ಹಿಡಿದಿಟ್ಟು ಉಕ್ಕಿನ ಗೋಡೆಯನ್ನು ಬುಡದಿಂದಲೇ ತುಕ್ಕು ಹಿಡಿಸುತ್ತದೆ. 15 ಅಡಿಯ ಕೊಳದ ತಳಕ್ಕೆ ಸುಮಾರು 30 ಘನ ಅಡಿ ಮರಳು ಬೇಕಾಗುತ್ತದೆ. ಸೋಸಿದಾಗ ಹೋಗುವುದನ್ನೂ, ದಮ್ಮಾಸಿಗೆ ಕುಗ್ಗುವುದನ್ನೂ ಲೆಕ್ಕ ಹಾಕಿ 45 ಘನ ಅಡಿ ತರಿಸಿಕೊಳ್ಳುವುದು ಸೂಕ್ತ.

ಹೆಚ್ಚು ಜನ ಅವಸರ ಮಾಡುವುದು ಗೋಡೆ ಮತ್ತು ತಳ ಸೇರುವ ಮೂಲೆಯಲ್ಲಿ, ಆದರೆ ಇಡೀ ಕೆಲಸದಲ್ಲಿ ಅತ್ಯಂತ ತಾಳ್ಮೆ ಬೇಡುವ ಜಾಗ ಅದೇ. ಮೂಲೆಯನ್ನು ಹಾಗೆಯೇ ಬಿಟ್ಟರೆ ನೀರು ಲೈನರನ್ನು ಕೆಳಪಟ್ಟಿಯ ಸಂದಿಗೆ ತಳ್ಳುತ್ತದೆ, ಪಟ್ಟಿಯ ಹರಿತ ಅಂಚು ಹಾಳೆಯನ್ನು ಸೀಳುತ್ತದೆ. ಆದ್ದರಿಂದ ಗೋಡೆಯ ಬುಡದ ಸುತ್ತಲೂ ಆರರಿಂದ ಎಂಟು ಅಂಗುಲ ಎತ್ತರಕ್ಕೆ ಒದ್ದೆ ಮರಳನ್ನು ಇಳಿಜಾರಾಗಿ ಒತ್ತಿ, ಕರಣೆಯಿಂದ ನುಣುಪುಗೊಳಿಸಬೇಕು. ಮರಳಿನ ಬದಲು ತ್ರಿಕೋನಾಕಾರದ ಸಿದ್ಧ ಫೋಮ್ ಪಟ್ಟಿಯೂ ಸಿಗುತ್ತದೆ. ನಮ್ಮ ಕರಾವಳಿಯ ಮಳೆಗೆ ಅದೇ ಮೇಲು, ಏಕೆಂದರೆ ಹೊರಗಿನ ನೀರು ನುಗ್ಗಿದರೂ ಅದು ಮರಳಿನಂತೆ ಕೊಚ್ಚಿಹೋಗುವುದಿಲ್ಲ. ಎರಡರಲ್ಲಿ ಯಾವುದನ್ನೇ ಹಾಕಿದರೂ, ಅಂಗಳದ ಎತ್ತರದ ಬದಿಯಲ್ಲಿ ಮಳೆನೀರನ್ನು ತಿರುಗಿಸುವ ಕಣಿಯೊಂದನ್ನು (ಕಾಲುವೆಯನ್ನು) ತೋಡಲೇಬೇಕು.

ನಂತರ ಗೋಡೆಯ ಒಳಮೈಯನ್ನು ಬರಿಗೈಯಿಂದಲ್ಲ, ಹಳೆಯ ಬಟ್ಟೆಯಿಂದ ಸವರಿ ನೋಡಿ. ಬಟ್ಟೆ ಸಿಕ್ಕಿಕೊಂಡಲ್ಲೆಲ್ಲ ಅರದಿಂದ ಉಜ್ಜಿ, ತುಕ್ಕಿದ್ದರೆ ಕೆರೆದು ಬಣ್ಣ ಬಳಿಯಿರಿ. ಗೋಡೆಯ ಎರಡು ತುದಿಗಳು ಸೇರುವ ಬೋಲ್ಟುಗಳ ಸಾಲಿನ ಮೇಲೆ ಡಕ್ಟ್ ಟೇಪನ್ನು ಮೂರು ನಾಲ್ಕು ಪದರ ಅಂಟಿಸಿ, ಬೋಲ್ಟಿನ ತಲೆ ಕೈಗೆ ತಗುಲದಂತೆ ಮಾಡಬೇಕು. ಲೈನರನ್ನು ಗೋಡೆಯ ಮೇಲಿನಿಂದ ಹೊರಕ್ಕೆ ಮಡಚುವ ಮಾದರಿಯಾದರೆ, ಮೇಲಂಚನ್ನೂ ಅರದಿಂದ ಉಜ್ಜಿ ನುಣುಪುಗೊಳಿಸಿ, ಮಡಿಕೆಯ ಮೇಲೆ ಪ್ಲಾಸ್ಟಿಕ್ ಕೋಪಿಂಗ್ ಪಟ್ಟಿಯನ್ನು (ಅಂಚನ್ನು ಮುಚ್ಚಿ ಹಿಡಿಯುವ ಪಟ್ಟಿ) ಎಲ್ಲಿಯೂ ಬಿಡುವಿಲ್ಲದಂತೆ ಕೂರಿಸಬೇಕು.

ಲೈನರನ್ನು ಬೆಳಗಿನ ಹೊತ್ತಿನಲ್ಲೇ ಹಾಸಿ. ನಡುಹಗಲ ಬಿಸಿಲಿಗೆ ವಿನೈಲ್ ಅತಿಯಾಗಿ ಮೆತ್ತಗಾಗಿ ಬೇಕಿಲ್ಲದ ಕಡೆ ಹಿಗ್ಗುತ್ತದೆ. ಒಳಗೆ ಬರಿಗಾಲಿನಲ್ಲಿ ಓಡಾಡಿ, ಒಂದು ಅಂಗುಲ ನೀರು ನಿಂತ ಕೂಡಲೇ ನಲ್ಲಿ ನಿಲ್ಲಿಸಿ, ಸುಕ್ಕುಗಳನ್ನು ನಡುವಿನಿಂದ ಗೋಡೆಯ ಕಡೆಗೆ ತಳ್ಳಿ. ಬುಡದ ಇಳಿಜಾರಿನ ಮೇಲೆ ಹಾಳೆ ಸುತ್ತಲೂ ಅಂಟಿ ಕುಳಿತಿದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಉಳಿದ ನೀರನ್ನು ತುಂಬಬಹುದು.