ಆಟಿಸಂ ಇರುವ ಮಗುವಿನ ಹಲ್ಲಿನ ಆರೈಕೆ: ಮನೆಯ ಬಚ್ಚಲಿನಿಂದ ದಂತವೈದ್ಯರ ಕುರ್ಚಿಯವರೆಗೆ

ಬ್ರಷ್ ಕಂಡೊಡನೆ ಬಾಯಿ ಬಿಗಿಹಿಡಿಯುವ ಮಗುವನ್ನು ಹಟಮಾರಿಯೆಂದು ಗದರುವ ಮೊದಲು, ಅದಕ್ಕೆ ಯಾವುದು ಸಹಿಸಲಾಗುತ್ತಿಲ್ಲ ಎಂಬುದನ್ನು ಗಮನಿಸಬೇಕು. ಪುದೀನ ಪರಿಮಳದ ಪೇಸ್ಟ್ ಕೆಲವು ಮಕ್ಕಳ ನಾಲಿಗೆಯನ್ನು ಉರಿಸುತ್ತದೆ, ಇನ್ನು ಕೆಲವರಿಗೆ ನೊರೆಯಿಂದ ಓಕರಿಕೆ ಬರುತ್ತದೆ. ಅಂಥವರಿಗೆ ಖಾರವಿಲ್ಲದ, ನೊರೆ ಕಡಿಮೆ ಬರುವ ಪೇಸ್ಟ್ ಹುಡುಕಿ, ಆದರೆ ಅದರಲ್ಲಿ ಫ್ಲೋರೈಡ್ ಇರಲಿ. 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಸಾಕು. ಉಗುಳಲು ಬಾರದ ಮಗುವಿನ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಇರುವವರು ಈ ಪ್ರಮಾಣವನ್ನು ದಂತವೈದ್ಯರೊಡನೆ ಮಾತಾಡಿ ನಿರ್ಧರಿಸುವುದು ಒಳ್ಳೆಯದು.

ಮೊದಲು ಬ್ರಷ್ ತುಟಿಗೆ ತಾಗಿದರೆ ಸಾಕು. ಅದು ಒಗ್ಗಿದ ಮೇಲೆ ಮುಂಭಾಗದ ಹಲ್ಲು, ಆಮೇಲೆ ದವಡೆ ಹಲ್ಲು. ಮಗುವನ್ನು ತಗ್ಗಾದ ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ನಿಂತು, ಅದರ ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಂಡು, ಒಂದು ಕೈಯಲ್ಲಿ ಗದ್ದ ಹಿಡಿದು ತುಟಿಯನ್ನು ಮೆಲ್ಲಗೆ ಸರಿಸಿದರೆ ಹಲ್ಲೂ ಒಸಡೂ ಸೇರುವ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಕೊಳೆ ಕೂರುವುದು ಅಲ್ಲಿಯೇ. ಪ್ರತಿ ಬದಿಗೂ ಒಂದರಿಂದ ಹತ್ತರವರೆಗೆ ಒಂದೇ ದನಿಯಲ್ಲಿ ಎಣಿಸಿ, ಹತ್ತಕ್ಕೆ ನಿಜವಾಗಿಯೂ ನಿಲ್ಲಿಸಿ. ಯಾವಾಗ ಮುಗಿಯುತ್ತದೆಂದು ತಿಳಿದಿರುವ ಮಗು ಹೆಚ್ಚು ಹೊತ್ತು ಸಹಿಸುತ್ತದೆ, ಆ ನಂಬಿಕೆಯನ್ನು ಒಂದು ದಿನವೂ ಮುರಿಯಬಾರದು.

ಥೆರಪಿಯಲ್ಲಿ ಬಹುಮಾನವಾಗಿ ಚಾಕೊಲೇಟ್ ಕೊಡುತ್ತಿದ್ದರೆ ಅದರ ಬದಲು ಗುಳ್ಳೆ ಊದುವುದೋ ಮೆಚ್ಚಿನ ಆಟಿಕೆಯೋ ಇರಲಿ ಎಂದು ಕೇಳಿಕೊಳ್ಳಿ. ಸಕ್ಕರೆ ಇರುವ ಸಿರಪ್ಪನ್ನು ರಾತ್ರಿ ಹಲ್ಲುಜ್ಜುವ ಮೊದಲೇ ಕುಡಿಸಿ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್‌ನಿಂದ ಒಸಡು ದಪ್ಪವಾಗಬಹುದು. ಹಾಗಾದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ದಂತವೈದ್ಯರ ಮೊದಲ ಭೇಟಿ ನೋವು ಬಂದ ದಿನವೇ ಆಗಬಾರದು. ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಬೇಕು, ಆ ವಯಸ್ಸು ಕಳೆದಿದ್ದರೆ ಈಗಲೇ ಹೊರಡಿ. ಡೆಂಟಲ್ ಕಾಲೇಜುಗಳಲ್ಲಿ ಮಕ್ಕಳ ದಂತ ವಿಭಾಗವೇ ಪ್ರತ್ಯೇಕವಾಗಿರುತ್ತದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೂ ವಿಚಾರಿಸಬಹುದು. ಮುಂಚಿತವಾಗಿ ಫೋನ್ ಮಾಡಿ ಮಗುವಿನ ಸ್ವಭಾವ ತಿಳಿಸಿ, ಜನ ಕಡಿಮೆಯಿರುವ ಹೊತ್ತು ಕೇಳಿ, ಕುರ್ಚಿ, ದೀಪ, ಕನ್ನಡಿಗಳ ಚಿತ್ರಗಳನ್ನು ಅನುಕ್ರಮವಾಗಿ ಮನೆಯಲ್ಲೇ ತೋರಿಸಿ. ಮೊದಲ ದಿನ ಕುರ್ಚಿಯಲ್ಲಿ ಕೂತು ಎದ್ದು ಬಂದರೂ ಅದು ವ್ಯರ್ಥವಲ್ಲ. ಏನು ಮಾಡುತ್ತೇನೆಂದು ಮಗುವಿಗೆ ಮೊದಲು ಹೇಳಿ, ತೋರಿಸಿ, ಆಮೇಲೆ ಮಾಡುವ ವೈದ್ಯರನ್ನೇ ಆರಿಸಿಕೊಳ್ಳಿ. ಮಗುವಿಗೆ ಹೃದಯದ ತೊಂದರೆ ಇದ್ದರೆ (ಡೌನ್ ಸಿಂಡ್ರೋಮ್ ಎಂಬ, ಹುಟ್ಟಿನಿಂದಲೇ ಬರುವ ಸ್ಥಿತಿಯೂ ಇರುವವರಲ್ಲಿ ಇದು ಸಾಮಾನ್ಯ) ಮೊದಲೇ ತಿಳಿಸಿ, ಏಕೆಂದರೆ ಕೆಲವರಿಗೆ ಚಿಕಿತ್ಸೆಗೆ ಮುನ್ನ ಆ್ಯಂಟಿಬಯೋಟಿಕ್ ಬೇಕಾಗುತ್ತದೆ.

ಹುಳುಕಾದ ಹಲ್ಲಿಗೆ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ ಔಷಧ ಹಚ್ಚಿ, ಡ್ರಿಲ್ ಇಲ್ಲದೆಯೇ ಹುಳುಕನ್ನು ತಡೆಯಲು ಬಹಳ ಸಲ ಸಾಧ್ಯವಿದೆ. ಹುಳುಕಾದ ಭಾಗ ಕಪ್ಪಾಗುತ್ತದೆ, ಆದರೂ ಹೆದರಿದ ಮಗುವಿಗೆ ಇದು ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಅನೇಕ ಹಲ್ಲುಗಳು ಹಾಳಾಗಿದ್ದರೆ ಪೂರ್ಣ ಅರಿವಳಿಕೆ ಕೊಟ್ಟು ಒಂದೇ ಸಲ ಚಿಕಿತ್ಸೆ ಮಾಡುವುದುಂಟು. ಖರ್ಚಿನ ವಿಷಯದಲ್ಲಿ, ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಆರೋಗ್ಯ ವಿಮೆಯಡಿ ಯಾವ ದಂತಚಿಕಿತ್ಸೆಗೆ ಎಷ್ಟು ಸಿಗುತ್ತದೆಂದು ಮೊದಲೇ ವಿಚಾರಿಸಿ.

ಮಾತು ಬಾರದ ಮಗು ಕೆನ್ನೆಗೆ ಹೊಡೆದುಕೊಂಡರೆ, ಒಂದೇ ಬದಿಯಲ್ಲಿ ಅಗಿದರೆ, ಇಷ್ಟದ ತಿಂಡಿಯನ್ನೂ ದೂಡಿದರೆ ಅದನ್ನು ವರ್ತನೆಯ ಸಮಸ್ಯೆಯೆಂದು ಬರೆದುಕೊಳ್ಳುವ ಮೊದಲು ಬಾಯಿ ನೋಡಿಸಿ. ಮುಖ ಊದಿಕೊಂಡು ಜ್ವರವೂ ಬಂದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.